ಅತ್ತೆಯ ನಗುವಿಗೊಂದು ಕ್ಯಾಮೆರಾ

ನಾನು ಹಲ್ಲು ಕಟ್ಟುವವನು. ಕೀಳುವವರು ಬೇರೆ. ಕೀಳುವವರಿಗೆ ಡಾಕ್ಟರ್ ಎಂಬ ಹೆಸರು, ಬಿಳಿ ಕೋಟು, ಬಾಗಿಲ ಮೇಲೆ ಬೋರ್ಡು ಎಲ್ಲ ಉಂಟು. ಕಟ್ಟುವ ನನಗಿರುವುದು ಮನೆಯ ಮುಂದಿನ ಕೋಣೆ, ಒಂದು ಮೇಜು, ಗಿರ್ರನೆ ತಿರುಗುವ ಪಾಲಿಷ್ ಯಂತ್ರ ಮತ್ತು ಮೂಲೆಯಲ್ಲಿ ಪ್ಲಾಸ್ಟರ್ ಪುಡಿಯ ಚೀಲಗಳು. ಊರಿನ ಅರ್ಧ ಹಿರಿಯರು ನಾನು ಕಟ್ಟಿದ ಹಲ್ಲಿನಲ್ಲಿ ಊಟ ಮಾಡುತ್ತಾರೆ, ಒಬ್ಬರಿಗೂ ನನ್ನ ಮುಖ ಗೊತ್ತಿಲ್ಲ. ಅದಕ್ಕೇ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಕೋಪವಲ್ಲ ಅದು, ನ್ಯಾಯವಾದ ಅಸಮಾಧಾನ.

ಆ ವರ್ಷ ನನ್ನ ಮೇಜಿಗೆ ಬರಬೇಕಾಗಿದ್ದದ್ದು ಅತ್ತೆಯ ಕೆಲಸ. ಅತ್ತೆ ಎಂದರೆ ಹೆಂಡತಿಯ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ. ಅವರ ಮೇಲಿನ ಸಾಲು ಪೂರ್ತಿ ಸಡಿಲವಾಗಿತ್ತು. ಇನ್ನು ಹತ್ತು ದಿನ ಬಿಟ್ಟು ಬರುವ ಸೋಮವಾರ ಅಷ್ಟೂ ತೆಗೆದುಬಿಡೋಣ ಎಂದು ಹಲ್ಲಿನ ಡಾಕ್ಟರಮ್ಮ ಹೇಳಿದ್ದರು. ಒಸಡು ಮಾಯಲು ಮೂರು ತಿಂಗಳು, ಆಮೇಲೆ ನನ್ನ ಕೈಗೆ.

ಅತ್ತೆಗೆ ಅದರ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಹೆಂಡತಿಗೆ, ಮತ್ತು ಆ ಚಿಂತೆಗೆ ಕಾರಣ ನಾನೇ. ಹದಿನೈದು ವರ್ಷದ ಹಿಂದೆ, ಕಸುಬು ಕಲಿತ ಹೊಸತರಲ್ಲಿ, ಮಾವನಿಗೆ ಪೂರ್ತಿ ಸೆಟ್ಟು ಕಟ್ಟಿಕೊಟ್ಟಿದ್ದೆ. ಸ್ಕೇಲಿಟ್ಟು ಗೆರೆ ಎಳೆದಂತಹ ಸಾಲು. ನನ್ನ ಗುರುಗಳು ನೋಡಿ ಬೆನ್ನು ತಟ್ಟಿದ್ದರು. ಆದರೆ ಮಾವ ಅದನ್ನು ಹಾಕಿಕೊಂಡು ನಕ್ಕರೆ ಮಾವನ ಹಾಗಿರಲಿಲ್ಲ, ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಂತು 'ಬನ್ನಿ ಬನ್ನಿ' ಎನ್ನುವವನ ಹಾಗಿತ್ತು. ಪಾಪ, ಒಳ್ಳೆಯ ಮನುಷ್ಯ, ಒಂದು ಮಾತೂ ಆಡಲಿಲ್ಲ. ತೀರಿಕೊಳ್ಳುವ ತನಕ ಹತ್ತು ವರ್ಷ ಆ ನಗುವನ್ನೇ ನಕ್ಕರು.

"ಅಪ್ಪನ ನಗು ನುಂಗಿ ನೀರು ಕುಡಿದಿದ್ದಾಯ್ತು. ಅಮ್ಮನದಾದ್ರೂ ಉಳಿಸ್ತೀರಾ?" ಎಂದು ಹೆಂಡತಿ ಕೇಳಿದಳು.

"ಒಂದು ಒಳ್ಳೆ ಫೋಟೋ ಕೊಡು, ಉಳಿಸ್ತೀನಿ. ಅವತ್ತು ಫೋಟೋ ಇರಲಿಲ್ಲ."

ಇದು ಸಬೂಬಲ್ಲ. ಬಾಯಿಂದ ತೆಗೆದ ಅಚ್ಚು ಹಲ್ಲಿನ ಆಕಾರ ಹೇಳುತ್ತದೆ. ನಗುವಾಗ ತುಟಿ ಎಲ್ಲಿಯವರೆಗೆ ಏರುತ್ತದೆ, ಯಾವ ಹಲ್ಲು ಎಷ್ಟು ಇಣುಕುತ್ತದೆ ಎಂದು ಅಚ್ಚು ಹೇಳುವುದಿಲ್ಲ. ಅದಕ್ಕೆ ಬಾಯಿ ತುಂಬ ನಕ್ಕ ಫೋಟೋ ಬೇಕು.

ಮನೆಯ ಆಲ್ಬಮ್ಮುಗಳನ್ನೆಲ್ಲ ತೆಗೆದು ಹರಡಿದೆವು. ನಲವತ್ತು ವರ್ಷದ ಫೋಟೋಗಳು, ಅತ್ತೆಯ ಹಲ್ಲು ಒಂದರಲ್ಲೂ ಇಲ್ಲ! ಮನೆಯಲ್ಲಿ ಅವರು ನಕ್ಕರೆ ಪಕ್ಕದ ಮನೆಯವರು ಏನಾಯಿತೆಂದು ಕೇಳಿಕೊಂಡು ಬರುತ್ತಾರೆ. ಆದರೆ ಕ್ಯಾಮೆರಾ ಕಂಡರೆ ಬಾಯಿಗೆ ಬೀಗ. ಮುಂದಿನ ಎರಡು ಹಲ್ಲಿನ ನಡುವೆ ಅವರಿಗೊಂದು ಸಂದಿ ಇದೆ. ಹುಡುಗಿಯಾಗಿದ್ದಾಗ ಯಾರೋ ಚಿಕ್ಕಮ್ಮ, "ಫೋಟೋದಲ್ಲಿ ಬಾಯಿ ಮುಚ್ಚು, ಸಂದಿ ಕಾಣುತ್ತೆ" ಎಂದಿದ್ದರಂತೆ. ಚಿಕ್ಕಮ್ಮ ಹೋಗಿ ಎಷ್ಟೋ ಕಾಲವಾಯಿತು, ಅವರ ಆಜ್ಞೆ ಮಾತ್ರ ಇನ್ನೂ ಜಾರಿಯಲ್ಲಿತ್ತು.

ಫೋನಿನಲ್ಲಿ ತೆಗೆದು ನೋಡಿದೆ. ಹತ್ತಿರ ಹೋದರೆ ಮೂಗು ಊದಿಕೊಳ್ಳುತ್ತದೆ, ಹಲ್ಲು ಉಬ್ಬುತ್ತದೆ. ದೂರದಿಂದ ತೆಗೆದು ಹಿಗ್ಗಿಸಿದರೆ ಎಲ್ಲ ಕಲಸುಮೇಲೋಗರ. ಸರಿ, ಕ್ಯಾಮೆರಾ ಕೊಳ್ಳುವುದೆಂದು ತೀರ್ಮಾನವಾಯಿತು. ಯಾವುದು ಎಂಬಲ್ಲಿ ಜಗಳ ಶುರುವಾಯಿತು.

ಈ ಜಗಳಕ್ಕೆ ತಜ್ಞನಾಗಿ ಬಂದವನು ನನ್ನ ಭಾವಮೈದ, ಹೆಂಡತಿಯ ತಮ್ಮ. ಮನೆಯಲ್ಲಿ ನಾವು ಅವನನ್ನು 'ನೋಡೋಣ' ಎಂದೇ ಕರೆಯುವುದು. ಯಾವ ವಸ್ತುವನ್ನೇ ಆಗಲಿ, ಅವನಷ್ಟು ಅಳೆದು ಸುರಿದು ಓದಿದವರು ಇನ್ನೊಬ್ಬರಿಲ್ಲ. ಸೈಕಲ್ಲು, ಫ್ಯಾನು, ಬೂಟು ಎಲ್ಲದರ ಗುಣದೋಷವೂ ನಾಲಿಗೆಯ ತುದಿಯಲ್ಲಿ. ಕೊಂಡೆಯಾ ಎಂದು ಕೇಳಿದರೆ "ನೋಡೋಣ" ಎನ್ನುತ್ತಾನೆ. ನಾಲ್ಕು ವರ್ಷದಿಂದ ಸೈಕಲ್ಲು ಆರಿಸುತ್ತಾ ಆಫೀಸಿಗೆ ನಡೆದುಕೊಂಡೇ ಹೋಗುತ್ತಿದ್ದಾನೆ.

ಮೂವರೂ ಕ್ಯಾಮೆರಾ ಅಂಗಡಿಗೆ ಹೋದೆವು. ಅಂಗಡಿಯವನು ಗಾಜಿನ ಕೌಂಟರಿನ ಮೇಲೆ ಎರಡು ಕ್ಯಾಮೆರಾ ಇಟ್ಟ. ಒಂದು ಡಿಎಸ್ಎಲ್ಆರ್, ಹೊಸಬರಿಗೆಂದೇ ಮಾಡಿದ್ದಂತೆ. ಕಪ್ಪಗೆ, ಗಟ್ಟಿಯಾಗಿ, ಕೈತುಂಬ ಹಿಡಿಯುವ ಹಾಗಿತ್ತು. ಲೆನ್ಸನ್ನು ತಿರುಗಿಸಿ ಬಿಚ್ಚಿ ತೋರಿಸಿದ. ನನ್ನ ಕಸುಬಿನವನಿಗೆ ಬಿಚ್ಚಿ ಜೋಡಿಸುವ ವಸ್ತು ಕಂಡರೆ ಸಾಕು, ಮನಸ್ಸು ಕರಗಿಬಿಡುತ್ತದೆ. ಇನ್ನೊಂದು ಜೇಬಿನ ಕಾಂಪ್ಯಾಕ್ಟು, ಸೋಪಿನಷ್ಟು ಗಾತ್ರ. ಗುಂಡಿ ಒತ್ತಿದರೆ ಆಮೆಯ ತಲೆಯ ಹಾಗೆ ಲೆನ್ಸು ಹೊರಗೆ ಬರುತ್ತದೆ.

"ಅಮ್ಮ ನಗೋದು ಎರಡೇ ಸೆಕೆಂಡು," ಎಂದಳು ಹೆಂಡತಿ. "ಆ ಗುಂಡುಕಲ್ಲನ್ನ ಚೀಲದಿಂದ ಎತ್ತೋಷ್ಟರಲ್ಲಿ ಬಾಯಿ ಮುಚ್ಚಿರ್ತಾಳೆ. ಇದಾದ್ರೆ ಸೆರಗಿನ ಮರೆಯಲ್ಲೇ ಇಟ್ಕೋಬಹುದು."

"ನಾನು ಹಲ್ಲು ಕಟ್ಟಬೇಕು ಕಣೇ, ಕಳ್ಳತನ ಮಾಡಬೇಕಾಗಿಲ್ಲ. ಇದರಲ್ಲಿ ಏನು ತಿಳಿಯುತ್ತೆ? ಆಟದ ಸಾಮಾನು!"

"ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು, ಮೇಡಂ ಹೇಳೋದು ಸರಿ," ಎಂದ ಅಂಗಡಿಯವನು. ನಾನು ಅವನತ್ತ ಒಂದು ಸಲ ನೋಡಿದೆ. "ಸಾರ್ ಹೇಳೋದೂ ಸರಿ," ಎಂದ.

ನೋಡೋಣ ಗಂಟಲು ಸರಿಮಾಡಿಕೊಂಡ. "ಭಾವ, ದೊಡ್ಡದರಲ್ಲಿ ಒಂದು ವಿಷಯ. ಅದು ಒಂದೇ ದೂರದ್ದನ್ನ ಸ್ಪಷ್ಟವಾಗಿ ಹಿಡಿಯುತ್ತೆ, ಹಿಂದೆ ಮುಂದೆ ಇರೋದು ಮಸುಕಾಗುತ್ತೆ. ಅದನ್ನ ಅದರ ಪಾಡಿಗೆ ಬಿಟ್ರೆ ತನಗೆ ಹತ್ತಿರ ಕಂಡಿದ್ದನ್ನ ಹಿಡಿದುಬಿಡುತ್ತೆ. ಚಿಕ್ಕದರಲ್ಲಿ ಹಾಗಲ್ಲ, ಎಲ್ಲಾನೂ ಸುಮಾರಾಗಿ ಸ್ಪಷ್ಟವಾಗೇ ಬರುತ್ತೆ. ಆದ್ರೆ..."

"ಕೊನೆಗೆ ಯಾವುದು ತಗೋಬೇಕು, ಅದು ಹೇಳಪ್ಪ."

"ನೋಡೋಣ."

ನಾನು ಡಿಎಸ್ಎಲ್ಆರ್ ಕಟ್ಟಿಸಿಕೊಂಡು ಹೊರಟೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಹೆಂಡತಿ ದಾರಿಯಲ್ಲಿ ತಮ್ಮನಿಗೆ ಹೇಳಿದಳು, ನನ್ನ ಕಿವಿಗೂ ಬೀಳುವ ಹಾಗೆ.

ಮುಂದಿನ ಒಂದು ವಾರ ಏನಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅತ್ತೆ ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ, ಟಿವಿ ನೋಡುವಾಗ ನಾನು ಬಾಗಿಲ ಸಂದಿಯಲ್ಲಿ, ಕಪಾಟಿನ ಹಿಂದೆ, ಒಮ್ಮೆ ಊಟದ ಮೇಜಿನ ಕೆಳಗೆ. ಕ್ಯಾಮೆರಾ ಮೇಲೇಳುವುದೇ ತಡ, ತುಟಿ ಮುಚ್ಚಿಕೊಳ್ಳುತ್ತಿತ್ತು. ಜೋಕು ಹೇಳಿದೆ. ನನ್ನ ಜೋಕಿಗೆ ಬಾಯಿ ಬಿಚ್ಚಿದವರು ಈ ಮನೆಯಲ್ಲಿ ಮೊದಲೂ ಇರಲಿಲ್ಲ. ಶನಿವಾರ ಸಂಜೆ ಕೂತು ನೋಡಿದರೆ ಇನ್ನೂರಕ್ಕೂ ಮೇಲೆ ಫೋಟೋಗಳು, ಎಲ್ಲದರಲ್ಲೂ ಅತ್ತೆ ಪರೀಕ್ಷೆಯ ಕೋಣೆಯಲ್ಲಿ ಕಾವಲು ಕೂತ ಮೇಷ್ಟರ ಹಾಗೆ ಗಂಭೀರವಾಗಿದ್ದರು. ಒಂದೊಂದು ಕೂದಲೂ ಎಣಿಸುವ ಹಾಗೆ ಸ್ಪಷ್ಟ. ಹಲ್ಲೊಂದು ಬಿಟ್ಟು ಎಲ್ಲವೂ ಇತ್ತು.

"ಅಮ್ಮ, ಒಂದೇ ಸಲ ನಗಬಾರದಾ?" ಎಂದು ಹೆಂಡತಿ ಅಂಗಲಾಚಿದಳು.

"ನಗು ಅಂದ್ರೆ ನಗೋಕೆ ನಾನೇನು ನಲ್ಲೀನಾ, ತಿರುಗಿಸಿದ ಕೂಡಲೆ ಬರೋಕೆ? ಬಂದಾಗ ಬರುತ್ತೆ."

ಸೋಮವಾರಕ್ಕೆ ಇನ್ನೊಂದೇ ದಿನ. ಅವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಾವನ ಆ ಹೋಟೆಲಿನ ನಗು ಕಣ್ಣ ಮುಂದೆ ಬಂತು.

ಭಾನುವಾರ ಬೆಳಗ್ಗೆ ಹೆಂಡತಿ ತಮ್ಮನ ಮನೆಗೆ ಹೋಗಿ ಅವನ ಕಾಲರ್ ಹಿಡಿದಳು. "ಆ ಚಿಕ್ಕ ಕ್ಯಾಮೆರಾ ಇವತ್ತು ನೀನು ಕೊಳ್ತೀಯ. ನೋಡೋಣ ಅಂದ್ರೆ ಇನ್ಮೇಲೆ ನನ್ನ ಮನೆ ಮೆಟ್ಟಿಲು ಹತ್ತಬೇಡ." ನೋಡೋಣ ಜೀವಮಾನದಲ್ಲಿ ಮೊದಲ ಸಲ ಒಂದು ವಸ್ತು ಕೊಂಡ. ಬಿಲ್ಲನ್ನು ಮೂರು ಸಲ ಓದಿದನಂತೆ.

ಇದೊಂದೂ ನನಗೆ ಗೊತ್ತಿರಲಿಲ್ಲ. ನಾನು ಮುಂದಿನ ಕೋಣೆಯಲ್ಲಿ ಕಡೆಯ ಪ್ರಯತ್ನಕ್ಕೆ ತಯಾರಿ ಮಾಡುತ್ತಿದ್ದೆ. ಕಿಟಕಿಯ ಬೆಳಕು ಚೆನ್ನಾಗಿತ್ತು. ಡಾಕ್ಟರಮ್ಮ ಕಳಿಸಿದ್ದ ನಾಲ್ಕು ಅಚ್ಚುಗಳಿಗೂ ಅವತ್ತೇ ಪ್ಲಾಸ್ಟರ್ ಹೊಯ್ಯಬೇಕಾಗಿತ್ತು, ಅದಕ್ಕೆಂದು ಅಗಲವಾದ ಬೋಗುಣಿಯ ತುಂಬ ಕಲಸಿ ನೆಲದ ಮೇಲಿಟ್ಟಿದ್ದೆ. ಆಗ ಅತ್ತೆ ತಾವಾಗಿಯೇ ಬಂದು ಸ್ಟೂಲಿನ ಮೇಲೆ ಕೂತರು. "ಇದೊಂದು ಸಲ ತೆಗೆದುಬಿಡಿ, ನಿಮ್ಮ ಕಾಟ ತಪ್ಪಲಿ" ಎಂದರು. ಪ್ಲಾಸ್ಟರ್ ಗಟ್ಟಿಯಾಗಲು ಹತ್ತು ನಿಮಿಷ ಬೇಕು, ಅಷ್ಟರೊಳಗೆ ಎರಡು ಫೋಟೋ ಆಗುತ್ತದೆ ಎಂದುಕೊಂಡೆ.

ಅತ್ತೆಯ ಕೈಗೆ ಬಣ್ಣದ ಪಟ್ಟಿ ಕೊಟ್ಟೆ. ಅದು ನಮ್ಮ ಕಸುಬಿನ ಸಾಮಾನು, ತಗಡಿನ ಪಟ್ಟಿಗೆ ಸಾಲಾಗಿ ಸಿಕ್ಕಿಸಿದ ಹದಿನಾರು ಮಾದರಿ ಹಲ್ಲುಗಳು. ಗಲ್ಲದ ಪಕ್ಕ ಹಿಡಿದರೆ ನಿಜವಾದ ಹಲ್ಲಿನ ಬಣ್ಣ ಯಾವುದಕ್ಕೆ ಹೊಂದುತ್ತದೆಂದು ತಿಳಿಯುತ್ತದೆ. ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ಒಂದು ಹೆಜ್ಜೆ ಹಿಂದೆ ಹೋದೆ. ಇನ್ನೊಂದು ಹೆಜ್ಜೆ. ಬಲಗಾಲಿಗೆ ತಣ್ಣಗೆ, ಮೆತ್ತಗೆ ಏನೋ ತಾಗಿತು. ನೆಲ ಒರೆಸುವ ಒದ್ದೆ ಬಟ್ಟೆ ಇರಬೇಕೆಂದುಕೊಂಡೆ.

ಅತ್ತೆ ನನ್ನ ಕಾಲಿನತ್ತ ಒಮ್ಮೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಅಳಿಯಂದಿರೇ, ಅಲ್ಲೇ ನಿಂತ್ಕೊಳ್ಳಿ. ಅಲ್ಲಿಂದ ಚೆನ್ನಾಗಿ ಬರುತ್ತೆ ಅನ್ಸುತ್ತೆ."

ಒಂದು ವಾರದಲ್ಲಿ ಮೊದಲ ಸಲ ಅವರು ಸಹಕಾರ ಕೊಡುತ್ತಿದ್ದರು. ನನ್ನ ಎದೆ ತುಂಬಿ ಬಂತು. ಕೂದಲು ಸರಿಯಾಗಿದೆಯಾ ಎಂದು ಕೇಳಿದರು. ಬೆಳಕು ಎಡಗಡೆಯಿಂದ ಬೀಳಬೇಕಲ್ಲವೇ ಎಂದರು. ಸ್ಟೂಲನ್ನು ಆಚೆ ತಿರುಗಿಸಿ, ಈಚೆ ತಿರುಗಿಸಿ, ಮತ್ತೆ ಮೊದಲಿನ ಹಾಗೇ ಕೂತರು. "ಅವಸರ ಮಾಡಬೇಡಿ, ನಿಧಾನವಾಗಿ ತೆಗೀರಿ. ಅಲ್ಲಾಡಬೇಡಿ ಅಷ್ಟೆ." ಹೀಗೆ ಎಷ್ಟು ಹೊತ್ತಾಯಿತೋ, ಕಾಲಿನ ಬಳಿ ತಣ್ಣಗಿದ್ದದ್ದು ಬೆಚ್ಚಗಾಗತೊಡಗಿತು. ಬೆಚ್ಚಗಾಗುವುದೆಂದರೆ ಪ್ಲಾಸ್ಟರ್ ಗಟ್ಟಿಯಾಗುತ್ತಿದೆ ಎಂದರ್ಥ. ಹದಿನೈದು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದವನಿಗೆ ಅದು ಹೊಳೆದದ್ದು ಆಗ. ಕಾಲೆತ್ತಿದೆ. ಬೋಗುಣಿಯೂ ಜೊತೆಗೆ ಎದ್ದು ಬಂತು!

ಡಬ್, ಡಬ್ ಎಂದು ಎರಡು ಹೆಜ್ಜೆ ಹಾಕಿದೆ. ಅತ್ತೆ ಕೈಯನ್ನು ಮುಂದಕ್ಕೆ ಚಾಚಿ, ಕೈಯಲ್ಲಿದ್ದ ಬಣ್ಣದ ಪಟ್ಟಿಯಿಂದಲೇ ನನ್ನ ಕಾಲು ತೋರಿಸುತ್ತಾ ನಕ್ಕರು. ಅಂಥ ನಗು! ತುಟಿ ಏರಿತು, ಕಣ್ಣು ಮುಚ್ಚಿತು, ಸಂದಿಯೂ ಅದರ ಅಕ್ಕಪಕ್ಕದ ಎರಡೂ ಹಲ್ಲುಗಳೂ ಬಟಾಬಯಲಾದವು. ಬೀಳುತ್ತಾ ಏಳುತ್ತಾ ನಾನು ಗುಂಡಿ ಒತ್ತಿಯೇ ಒತ್ತಿದೆ. "ಸಿಕ್ಕಿತು!" ಎಂದು ಕೂಗಿದೆ.

ಪರದೆ ನೋಡಿದೆ. ಅತ್ತೆ ಚಾಚಿದ ಕೈಯಲ್ಲಿದ್ದ ಹದಿನಾರು ಪಿಂಗಾಣಿ ಹಲ್ಲುಗಳು ಫಳಫಳ ಹೊಳೆಯುತ್ತಿದ್ದವು, ಕೆಳಗೆ ಬರೆದಿದ್ದ ನಂಬರು ಸಹಿತ ಓದಬಹುದಾಗಿತ್ತು. ಅವುಗಳ ಹಿಂದೆ ಮಂಜಿನಲ್ಲಿ ಯಾರೋ ಹೆಂಗಸು ನಗುತ್ತಿದ್ದರು. ಹತ್ತಿರ ಕಂಡಿದ್ದನ್ನು ಹಿಡಿಯುತ್ತದೆ ಎಂದು ನೋಡೋಣ ಬಡಕೊಂಡಿದ್ದ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಬೋಗುಣಿಯೊಳಗೆ ಕಾಲಿಟ್ಟುಕೊಂಡೇ ಕುಸಿದು ಕೂತೆ. ಅಳು ಬರುವುದೊಂದು ಬಾಕಿ.

"ಇದು ನೋಡ್ರಿ," ಎಂದಳು ಹೆಂಡತಿ ಬಾಗಿಲಿನಿಂದ. ಅವಳು ಬಂದು ನಿಂತದ್ದೇ ನನಗೆ ಗೊತ್ತಿರಲಿಲ್ಲ. ಅವಳ ಅಂಗೈಯಲ್ಲಿ ಆ ಸೋಪಿನಷ್ಟು ಪೆಟ್ಟಿಗೆಯಿತ್ತು. ಹಿಂದೆ ನೋಡೋಣ ಬಿಲ್ಲು ಹಿಡಿದುಕೊಂಡೇ ನಿಂತಿದ್ದ. ಫೋಟೋದಲ್ಲಿ ಎಲ್ಲವೂ ಇತ್ತು. ಬೋಗುಣಿ, ನನ್ನ ಕಾಲು, ತೆರೆದ ಬಾಯಿ, ಅಂಗಿಯ ಕಿತ್ತುಹೋದ ಗುಂಡಿ, ಪಟ್ಟಿ, ಪಟ್ಟಿಯ ಹಿಂದೆ ಅತ್ತೆ. ಹಿಗ್ಗಿಸಿ ನೋಡಿದರೆ ತುಟಿಯ ಏರು, ಒಂದೊಂದು ಹಲ್ಲಿನ ಅಂಚು, ನಡುವಿನ ಸಂದಿ, ಎಲ್ಲ ಕಾಣುತ್ತಿತ್ತು.

ನಾನು ಸೋತೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೆಂಡತಿಯೂ ಹೇಳಿಸಲಿಲ್ಲ. ಸುತ್ತಿಗೆ ತಂದುಕೊಟ್ಟಳು, ಅಷ್ಟೆ. ಬೋಗುಣಿ ಒಡೆದಾಗ ನನ್ನ ಐದು ಬೆರಳುಗಳ ಅಚ್ಚು ಸಿಕ್ಕಿತು. ಅಷ್ಟು ಚೊಕ್ಕವಾದ ಅಚ್ಚನ್ನು ನಾನು ಇದುವರೆಗೂ ತೆಗೆದಿಲ್ಲ.

ಸೋಮವಾರ ಹಲ್ಲು ಹೋದವು. ಮೂರು ತಿಂಗಳು ಅತ್ತೆ ಗಂಜಿ ಕುಡಿಯುತ್ತಾ ಕುಂಟಿ ತೋರಿಸಿ ನನ್ನನ್ನು ಅಣಕಿಸಿ ಕಾಲ ಕಳೆದರು. ಆ ಫೋಟೋವನ್ನು ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಂಡು ಕೆಲಸಕ್ಕೆ ಕೂತೆ. ಸಂದಿಯನ್ನು ಮುಚ್ಚಿಬಿಡಲು ಕೈ ತುಡಿಯುತ್ತಿತ್ತು. ನೇರ ಸಾಲು ಕಟ್ಟಿ ಪಳಗಿದ ಕೈ ಅದು. ಕೊನೆಗೆ ಅವರನ್ನೇ ಕೇಳಿದೆ.

"ಇರ್ಲಿ ಬಿಡಿ," ಎಂದರು. "ಅದನ್ನ ಮುಚ್ಚಿಬಿಟ್ರೆ ನಾಲಿಗೆಗೆ ಹೊತ್ತು ಹೋಗೋದು ಹೇಗೆ?"

ಹಾಕಿದ ದಿನ ಕೋಣೆಯಲ್ಲಿ ಎಲ್ಲರೂ ಸೇರಿದ್ದೆವು. ಅತ್ತೆ ಕನ್ನಡಿಯ ಮುಂದೆ ನಿಂತು ಮೊದಲು ಬಾಯಿ ಮುಚ್ಚಿಕೊಂಡೇ ನೋಡಿಕೊಂಡರು. ಆಮೇಲೆ ನನ್ನ ಕಾಲಿನತ್ತ ಒಂದು ಸಲ ನೋಡಿದರು. ಅಷ್ಟು ಸಾಕಾಯಿತು, ನಗು ಬಂದೇಬಿಟ್ಟಿತು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಹೆಂಡತಿ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ನೋಡೋಣ ಕ್ಯಾಮೆರಾ ಎತ್ತಿದ, ಅತ್ತೆ ಬಾಯಿ ಮುಚ್ಚಲಿಲ್ಲ.

"ಇವಳು ನನಗೆ ಗೊತ್ತು," ಎಂದರು ಕನ್ನಡಿಗೆ.

ನಾನು ಬೀಗುತ್ತಿದ್ದೆ. ಅಷ್ಟರಲ್ಲಿ ಅತ್ತೆಯ ಕಣ್ಣು ಗೋಡೆಯ ಮೇಲಿದ್ದ ಮಾವನ ಫೋಟೋಕ್ಕೆ ಹೋಯಿತು. ನಾನು ಕಟ್ಟಿದ ಆ ನೇರ ಹಲ್ಲುಗಳಲ್ಲಿ ಮಾವ ಬನ್ನಿ ಬನ್ನಿ ಎಂದು ನಗುತ್ತಿದ್ದರು. ಅತ್ತೆ ನನ್ನತ್ತ ತಿರುಗಿದರು.

"ಅಳಿಯಂದಿರೇ, ಅವರಿಗೋಸ್ಕರಾನೂ ಒಂದ್ಸಲ ಬೋಗುಣೀಲಿ ಕಾಲಿಡಬಾರದಾಗಿತ್ತಾ?" ಎಂದರು.