ಗೇಟಿನಾಚೆಯ ಧೂಳು

ಇಪ್ಪತ್ತು ವರ್ಷದಲ್ಲಿ ಲಾಂಡ್ರಿ ಅಕ್ಕನ ಕೆಲಸದಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ. ಆ ಸೋಮವಾರ ಪಕ್ಕದ ಬೀದಿಯ ಬಾಣಂತಿ ಮಗುವನ್ನೇ ಎತ್ತಿಕೊಂಡು ಬಂದು ಅದರ ಬೆನ್ನು ತೋರಿಸಿದಳು. ಎಳೆ ಬೆನ್ನಿನ ತುಂಬ ಕೆಂಪು ಗಂಧೆ. ನೀವು ಒಗೆದುಕೊಟ್ಟ ಬಟ್ಟೆಯ ಮೇಲೇ ಮಲಗಿಸಿದ್ದು ಎಂದಷ್ಟೇ ಹೇಳಿ ಹೊರಟುಹೋದಳು. ಅಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಸೋಪು ಬದಲಾಯಿಸಿದೆಯಾ ಎಂದು ಮೊದಲು ಜೊತೆಗೆ ಒಗೆಯುವ ನಾದಿನಿಯನ್ನು ತರಾಟೆಗೆ ತೆಗೆದುಕೊಂಡಳು. ನಾದಿನಿ ತನ್ನ ಮುಂಗೈ ಚಾಚಿದಳು. ಅಲ್ಲೂ ಅದೇ ಗಂಧೆ. ಇಬ್ಬರೂ ಸೇರಿ ಮೆಷಿನ್ನಿನ ಜಾಲರಿ ಬಿಚ್ಚಿದರು. ಒದ್ದೆ ನೂಲುಕಸದ ನಡುವೆ ಕೂದಲಿಗಿಂತ ಸಪೂರದ ಗಾಜಿನ ಎಳೆಗಳು ಮಿನುಗಿದವು. ಊರಿನ ಕಾರು ಕಾರ್ಖಾನೆಯಲ್ಲಿ ಈಗ ತಗಡಿನ ಬದಲು ಗಾಜಿನ ಎಳೆಗೆ ಅಂಟು ಕುಡಿಸಿ ಕಾರಿನ ಮೈ ಮಾಡುತ್ತಿದ್ದರು. ಅದನ್ನು ಕೊಯ್ಯುವವರ ಮೇಲಂಗಿಗಳು ಎರಡು ತಿಂಗಳಿಂದ ಇದೇ ಮೆಷಿನ್ನಿಗೆ ಬೀಳುತ್ತಿದ್ದವು.

ಅಕ್ಕ ಜಾಲರಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಕಾರ್ಖಾನೆಯ ಮ್ಯಾನೇಜರನ ಎದುರು ಕೂತಳು. ಆತ ಸಭ್ಯ ಮನುಷ್ಯ, ಕುಡಿಯಲು ನೀರು ತರಿಸಿದ. ಕಾರು ಹಗುರವಾದಷ್ಟೂ ಪೆಟ್ರೋಲ್ ಉಳಿಯುತ್ತದೆ, ಹೊಗೆ ತಗ್ಗುತ್ತದೆ, ಇದೆಲ್ಲ ಪರಿಸರಕ್ಕಾಗಿಯೇ ಎಂದು ವಿವರಿಸಿದ. ಕೊಯ್ದುಳಿದ ಚೂರುಗಳ ಗತಿ ಏನು ಎಂದು ಅಕ್ಕ ಕೇಳಿದಳು. ಅವನ್ನು ತಗಡಿನ ಹಾಗೆ ಕರಗಿಸಿ ಮತ್ತೆ ಬಳಸಲಾಗದು, ಹೂಳಿಸುತ್ತೇವೆ ಎಂದ. ಕಾರು ಹಳತಾದ ಮೇಲೆ? ಅದಕ್ಕೂ ಸದ್ಯಕ್ಕೆ ಬೇರೆ ದಾರಿಯಿಲ್ಲ ಎಂದ.

"ಮತ್ತೆ ಈ ಧೂಳು?"

"ಗೇಟ್ ದಾಟಿದ ಮೇಲೆ ಅದು ನಮ್ಮ ಜವಾಬ್ದಾರಿ ಅಲ್ಲಮ್ಮ."

"ಗೇಟಿನಾಚೆ ನಾವಿದೀವಿ ಸಾರ್. ತಿಂಗಳ ಕೂಸಿದೆ. ನಿಮ್ಮ ಪರಿಸರದಲ್ಲಿ ಅದಕ್ಕೆ ಜಾಗ ಇಲ್ವಾ?"

ಆತ ಗಡಿಯಾರ ನೋಡಿದ. ಅಕ್ಕ ಚೀಲ ಎತ್ತಿಕೊಂಡು ಎದ್ದು ಬಂದಳು.

ಮರುದಿನ ಕಾರ್ಖಾನೆಯಿಂದ ಬಂದ ಮೇಲಂಗಿಗಳ ಗಂಟನ್ನು ಬಿಚ್ಚದೆ ವಾಪಸು ಕಳಿಸಿದಳು. ಅದು ಎದುರು ಲಾಂಡ್ರಿಗೆ ಹೋಯಿತು. ಅಲ್ಲಿಯವನಿಗೂ ಆಕೆಗೂ ಆರು ವರ್ಷದಿಂದ ಮಾತಿರಲಿಲ್ಲ. ಆದರೂ ರಸ್ತೆ ದಾಟಿ ಹೋಗಿ ವಿಷಯ ತಿಳಿಸಿದಳು. ಅವನು ಎಲ್ಲ ಕೇಳಿ, ಗಂಟನ್ನೆತ್ತಿ ಬಾಗಿಲಾಚೆ ಇಟ್ಟ.

ಕಾರ್ಖಾನೆಯವರು ತಾವೇ ಮೆಷಿನ್ ಹಾಕಿಸಿಕೊಂಡರು. ಅದರ ನೀರು ಸೀದಾ ಊರ ಕಾಲುವೆ ಸೇರತೊಡಗಿತು. ಅಕ್ಕ ನಗರಸಭೆಗೆ ಕೊಟ್ಟ ಮೂರು ಅರ್ಜಿಗಳೂ ಮೂಲೆಗೆ ಬಿದ್ದವು. ನಾಲ್ಕನೆಯದಕ್ಕೆ ಎದುರು ಲಾಂಡ್ರಿಯವನ ಜೊತೆ, ಕೊಯ್ಯುವ ವಿಭಾಗದ ಇಬ್ಬರು ಕೆಲಸಗಾರರೂ ತೋಳು ಕೆರೆದುಕೊಳ್ಳುತ್ತಲೇ ಸಹಿ ಹಾಕಿದರು. ನಾಲ್ವರೂ ನಗರಸಭೆಗೆ ಹೋಗಿ ನಿಂತರು. ಕಾಲುವೆ ನೀರನ್ನು ಪರೀಕ್ಷೆಗೆ ಕಳಿಸುವ ಆದೇಶಕ್ಕೆ ಮೊಹರು ಬೀಳುವ ತನಕ ಅಲ್ಲಿಂದ ಕದಲಲಿಲ್ಲ.