ಐರ್ಲೆಂಡಿನಲ್ಲಿ ಬುಡು

ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದಷ್ಟು ಕಾಲವೂ ನಾನು ಒಂದೇ ಒಂದು ಪದದ ಮೇಲೆ ಹಗೆ ಸಾಧಿಸಿದೆ. ಅದು 'ಬುಡು'. 'ಬಿಡು' ಎಂದು ಬರೆಯಿರೋ ಎಂದು ಗಂಟಲು ಹರಿದುಕೊಂಡರೂ ಮಕ್ಕಳು 'ಬುಡು', 'ಬುಟ್ಟೆ', 'ಬುಟ್ಬುಡು' ಎಂದೇ ಬರೆಯುತ್ತಿದ್ದರು. ಶಾಲೆಯಲ್ಲಿ ಸೋತದ್ದು ಸಾಲದೆಂದು ಮನೆಯಲ್ಲೂ ಸೋತೆ. ನಮ್ಮ ಯಜಮಾನರು ಶಾಂತಮಲ್ಲಪ್ಪನವರದು ತರಕಾರಿ ಮಂಡಿ. ಅವರ ನಾಲಿಗೆ ತಿದ್ದುವುದಕ್ಕಿಂತ ಮಂಡಿ ಮುಂದಿನ ಲಾರಿಗಳನ್ನು ಸಾಲಾಗಿ ನಿಲ್ಲಿಸುವುದು ಸುಲಭ.

ನಾನು ಗೆದ್ದದ್ದು ಮಗಳು ತೇಜಸ್ವಿನಿಯ ವಿಷಯದಲ್ಲಿ ಮಾತ್ರ. ಅವಳು ಅಚ್ಚುಕಟ್ಟಾಗಿ 'ಬಿಡು' ಅನ್ನುತ್ತಾಳೆ. ನರ್ಸಿಂಗ್ ಓದಿ ಚಾಮರಾಜನಗರದ ಆಸ್ಪತ್ರೆಯಲ್ಲಿದ್ದಳು. ಜೊತೆಗಿದ್ದ ಕೇರಳದ ಹುಡುಗಿಯರು ಐರ್ಲೆಂಡಿಗೆ ಹೊರಟಾಗ ಗಂಡ ಸೋಮೇಶನನ್ನು ಕಟ್ಟಿಕೊಂಡು ತಾನೂ ಹೊರಟಳು. ಅವರ ಹಸುಗೂಸು ಪುಟ್ಟಿ, ತನಗೆ ವೀಸಾ ಬರುವ ತನಕ, ಅಂದರೆ ನಡೆದು ಮಾತು ಕಲಿಯುವ ತನಕ, ನಮ್ಮ ಹತ್ತಿರವೇ ಇತ್ತು. ನಾನು ಅ ಆ ಇ ಈ ಹೇಳಿಕೊಡಲು ಕೂತರೆ ಅದು ತಾತನ ಹೆಗಲೇರಿ ಮಂಡಿಗೆ ಹೊರಡುತ್ತಿತ್ತು. ಅಲ್ಲಿ ಈರುಳ್ಳಿ ಮೂಟೆ ಇಳಿಸುವವರು ಬೆಳಗಿನಿಂದ ಸಂಜೆಯವರೆಗೆ ಕೂಗುವುದು ಒಂದೇ ಮಾತು: "ಬುಡು, ಬುಡು, ಬುಡ್ಲಾ."

ವೀಸಾ ಬಂತು, ಮಗು ವಿಮಾನ ಹತ್ತಿತು. ಮಗಳು ಹೋದಾಗ ನಾನು ಇಷ್ಟು ಅತ್ತಿರಲಿಲ್ಲ. ಯಾರು ಏನಾದರೂ ಅಂದುಕೊಳ್ಳಲಿ.

ಕಾರ್ಕ್ ಎಂಬ ಆ ಊರಿನಲ್ಲಿ ಪುಟ್ಟಿಯನ್ನು ಡೇ ಕೇರಿಗೆ ಸೇರಿಸಿದರು. ಮಗುವನ್ನು ಒಗ್ಗಿಸಲು ಅಲ್ಲಿ ದೊಡ್ಡ ಶಾಸ್ತ್ರವೇ ಇದೆಯಂತೆ. ಮೊದಲು ತಾಯಿ ಪಕ್ಕದಲ್ಲಿ ಕೂರಬೇಕು, ಆಮೇಲೆ ಬಾಗಿಲಾಚೆ, ಆಮೇಲೆ ಮನೆಗೆ. ಮಗುವಿಗೆ ಗೊಂದಲವಾಗಬಾರದು ಎಂದು ತೇಜಸ್ವಿನಿ ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸಿದಳು. ನನಗೂ ಫೋನಿನಲ್ಲಿ ಅಪ್ಪಣೆಯಾಯಿತು: ಬಾಳೆಹಣ್ಣು ಅನ್ನಬೇಡ, ಬನಾನ ಅನ್ನು. ಕನ್ನಡ ಟೀಚರು ಬನಾನ ಅಂದರು.

"ಅಮ್ಮ, ಪುಟ್ಟಿ ಆಗಲೇ ಇಂಗ್ಲಿಷ್ ಶುರು ಮಾಡಿದ್ಲು," ಎಂದು ಒಂದು ದಿನ ಮಗಳು ಹಿಗ್ಗಿ ಹೀರೇಕಾಯಿಯಾದಳು. "ಟೀಚರ್ ಮೋಯ್ರಾ ಎತ್ಕೊಂಡ್ರೆ ಸಾಕು, ಬಡ್ಡಿ ಬಡ್ಡಿ ಅಂತಾಳಂತೆ."

"ಯಾವ್ ಬಡ್ಡಿ ಕಣವ್ವ? ಎಷ್ಟ್ ಪರ್ಸೆಂಟು?" ಎಂದರು ಪಕ್ಕದಲ್ಲಿದ್ದ ತಾತ.

"ಬಡ್ಡಿ ಅಂದ್ರೆ ಫ್ರೆಂಡ್ ಅಪ್ಪ. ಇಲ್ಲಿಯವರು ಅದನ್ನ ಬುಡಿ ಬುಡಿ ಅಂತಾರೆ."

ಇಷ್ಟೊಂದು ಫ್ರೆಂಡ್ಸ್ ಇರುವ ಮಗು ಡೇ ಕೇರಿನ ಗೇಟು ಕಂಡರೆ ಚಿಟ್ಟನೆ ಚೀರತೊಡಗಿತು. ಊಟ ಬಿಟ್ಟಿತು. ನಿದ್ದೆಯಲ್ಲೂ ಬೆಚ್ಚತೊಡಗಿತು. ಈ ತಿಂಗಳು ನೋಡೋಣ, ಆಗದಿದ್ದರೆ ನಿಮ್ಮ ದಾರಿ ನೋಡಿಕೊಳ್ಳಿ ಎಂದರಂತೆ ಅಲ್ಲಿಯವರು. ತೇಜಸ್ವಿನಿಗೆ ರಜೆ ಮುಗಿದಿತ್ತು. ಕ್ರಿಸ್‌ಮಸ್ಸಿಗೆ ಊರಿಗೆ ಬರುವ ಮಲಯಾಳಿ ಗೆಳತಿಯ ಜೊತೆ ಮಗುವನ್ನು ಗುಂಡ್ಲುಪೇಟೆಗೆ ವಾಪಸ್ಸು ಕಳಿಸುವುದೊಂದೇ ಉಳಿದ ದಾರಿ.

"ಒಂದೆರಡು ವರ್ಷ ನೀವೇ ನೋಡ್ಕೊಳ್ತೀರಾ ಅಮ್ಮ?" ಎಂದು ಅತ್ತಳು.

"ಅಯ್ಯೋ ಪಾಪ, ಕಳಿಸು," ಎಂದೆ, ಆದಷ್ಟು ದುಃಖದ ದನಿಯಲ್ಲಿ. ಫೋನಿಟ್ಟವಳೇ ಅಟ್ಟದಿಂದ ಮೂರು ಗಾಲಿ ಸೈಕಲ್ ಇಳಿಸಿ ಒರೆಸಿದೆ. ಗಾಲಿಗೆ ಎಣ್ಣೆಯನ್ನೂ ಬಿಟ್ಟೆ.

ಮಾರನೆಯ ದಿನ ಅವಳು ಡೇ ಕೇರಿನವರು ತೆಗೆದ ಒಂದು ವಿಡಿಯೊ ಕಳಿಸಿದಳು. 'ನೋಡಮ್ಮ, ಎಷ್ಟು ಪ್ರೀತಿಯಿಂದ ನೋಡ್ಕೊಳ್ತಾರೆ, ಆದ್ರೂ ಅಳ್ತಾಳೆ' ಎಂದು ಕೆಳಗೆ ಬರೆದಿದ್ದಳು. ಮೋಯ್ರಾ ಒಳ್ಳೆಯ ಹೆಂಗಸು, ಮುಖದಲ್ಲೇ ಗೊತ್ತಾಗುತ್ತದೆ. ಪುಟ್ಟಿಯನ್ನು ಎತ್ತಿಕೊಂಡಿದ್ದಾಳೆ. ಪುಟ್ಟಿ ಎರಡೂ ಕೈಯಿಂದ ಅವಳ ಹೆಗಲು ನೂಕುತ್ತಾ "ಬುಡು, ಬುಡು" ಅನ್ನುತ್ತಿದೆ. "ಬುಡಿ, ಬುಡಿ" ಎಂದು ನಗುತ್ತಾ ಮೋಯ್ರಾ ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತಾಳೆ. ಮಗು ಚೀರುತ್ತದೆ.

ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ನಾನು ಮಾಡಿದ್ದೇನು? ಒಂದು ಗುಲಾಬಿ ಹೂವಿನ ಚಿತ್ರ ಕಳಿಸಿ ಸುಮ್ಮನಾದೆ. ತಿಂಗಳು ಮುಗಿಯಲು ಇನ್ನೇನು ಕೆಲವೇ ದಿನ ಉಳಿದಿತ್ತು.

ಸಂಜೆ ಮಂಡಿಯಿಂದ ಬಂದ ಯಜಮಾನರು ವಿಡಿಯೊ ನೋಡಿದರು. ಮತ್ತೊಮ್ಮೆ ಹಾಕಿಸಿಕೊಂಡು ನೋಡಿದರು.

"ಇದು ಬಡ್ಡಿನೂ ಅಲ್ಲ, ಅಸಲೂ ಅಲ್ಲ. ಕೂಸು ಬುಡು ಅಂತಾ ಅದೆ. ನಿಂಗ್ ಗೊತ್ತಾಗ್ನಿಲ್ವಾ?"

"ಬಿಡು ಅಂತ ನೆಟ್ಟಗೆ ಹೇಳೋದು ನೀವು ಕಲಿಸಿದ್ರೆ ಗೊತ್ತಾಗ್ತಿತ್ತು," ಎಂದೆ.

ಅವರು ಮೂಲೆಯಲ್ಲಿ ಫಳಫಳ ಹೊಳೆಯುತ್ತಿದ್ದ ಸೈಕಲ್ ಕಡೆ ನೋಡಿದರು. "ಅಷ್ಟ್ ವರ್ಸ ಊರ್ ಮಕ್ಳನ್ನೆಲ್ಲ ತಿದ್ದಿದೆ. ಈಗ ತಿದ್ದೋ ಒತ್ನಲ್ಲಿ ಬಾಯ್ ಮುಚ್ಕೊಂಡ್ ಕುಂತಿದ್ದೀಯ. ಕೂಸು ಬರ್ಲಿ ಅಂತ ನಂಗೂ ಆಸೆ ಅದೆ. ಅಂಗಂತ ಅದು ಅಲ್ಲಿ ಬುಡು ಬುಡು ಅಂತ ಅಳ್ತಾ ಇರ್ಲಿ ಅಂತೀಯಾ?"

ನನಗೆ ಕೆಟ್ಟ ಕೋಪ ಬಂತು. ಸರಿಯಾಗಿ ಮಾತಾಡಲು ಬಾರದವರು ಸರಿಯಾದ ಮಾತಾಡಿದರೆ ಯಾರಿಗೆ ಬರುವುದಿಲ್ಲ? ಎದ್ದು ಸೈಕಲ್ಲನ್ನು ಗೋಡೆ ಕಡೆ ತಿರುಗಿಸಿಟ್ಟು ಫೋನು ಹಚ್ಚಿದೆ.

"ಇಂಗ್ಲಿಷ್ ಅಲ್ಲ ಕಣೇ, ಮಗು ಬುಡು ಅಂತಿದೆ," ಎಂದೆ.

"ನಾವು ಯಾರೂ ಹಾಗೆ ಮಾತಾಡಲ್ವಲ್ಲಮ್ಮ?"

"ನೀನು ಮಾತಾಡಲ್ಲ. ನಿಮ್ಮಪ್ಪ ಮಾತಾಡ್ತಾರೆ. ಪುಟ್ಟಿ ಮಾತು ಕಲಿತದ್ದು ಮಂಡಿಯಲ್ಲಿ. ಬುಡು ಅಂದ ತಕ್ಷಣ ಕೆಳಗಿಳಿಸು ಅಂತ ಆ ಮೋಯ್ರಾಗೆ ಹೇಳು."

ಆ ಕಡೆ ಮಗಳು ಮೂಗೊರೆಸಿಕೊಂಡ ಸದ್ದು ಕೇಳಿಸಿತು.

ಮೋಯ್ರಾಗೆ ಹೇಳಿದರು. ಅವತ್ತು ಪುಟ್ಟಿ "ಬುಡು" ಎಂದಿತು, ಅವಳು ಇಳಿಸಿಬಿಟ್ಟಳು. ಮಗು ನೆಲದ ಮೇಲೆ ನಿಂತು ಅವಳ ಮುಖವನ್ನೇ ನೋಡಿತಂತೆ. ಆಮೇಲೆ ತಾನಾಗಿ ಹೋಗಿ ಅವಳ ತೊಡೆಯ ಮೇಲೆ ಕೂತಿತಂತೆ. ವಾರ ಕಳೆಯುವುದರೊಳಗೆ ಅಳು ನಿಂತಿತು. ಈಗ ಅಲ್ಲಿ ಒಂದು ಮಗು ಇನ್ನೊಂದರ ಆಟದ ಸಾಮಾನು ಕಿತ್ತುಕೊಂಡರೆ ಮೋಯ್ರಾ "ಬುಡು" ಎಂದು ಗದರುತ್ತಾಳಂತೆ, ಮಕ್ಕಳೆಲ್ಲ ಕಲಿತಿದ್ದಾರಂತೆ. ನಾನು ಒಂದು ತಾಲ್ಲೂಕಿನಲ್ಲಿ ಅಳಿಸಲಾಗದ ಪದ ಕಡಲು ದಾಟಿ ಚೆನ್ನಾಗಿ ಬೇರು ಬಿಟ್ಟಿದೆ. ಕ್ರಿಸ್‌ಮಸ್ಸಿಗೆ ಮಲಯಾಳಿ ಗೆಳತಿ ಒಬ್ಬಳೇ ಬಂದುಹೋದಳು.

ಮೊನ್ನೆ ನಮ್ಮ ಊಟದ ಹೊತ್ತಿಗೆ ವಿಡಿಯೊ ಕಾಲ್ ಬಂತು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಪುಟ್ಟಿ ಬೂಟು ಹಾಕಿಕೊಂಡು, ಬ್ಯಾಗು ಏರಿಸಿಕೊಂಡು, ಬಾಗಿಲ ಹತ್ತಿರ ನಿಂತಿತ್ತು. ಇನ್ನೊಂದು ಮುತ್ತು ಕೊಡು ಎಂದೆ, ಕೊಟ್ಟಿತು. ಏನು ತಿಂದೆ ಎಂದೆ, "ಬನಾನ" ಎಂದಿತು. ಅಜ್ಜಿ ಹತ್ರ ಬರ್ತೀಯಾ, ಸೈಕಲ್ ನೋಡು, ತಾತನ ನೋಡು, ಇನ್ನೊಂದೇ ಒಂದು ಮುತ್ತು ಎಂದೆ. ಮಗು ಬಾಗಿಲ ಕಡೆ ನೋಡಿತು, ನನ್ನ ಕಡೆ ನೋಡಿತು.

"ಬುಡು ಅಜ್ಜಿ," ಎಂದಿತು.

ಯಜಮಾನರು ತಟ್ಟೆಯ ಮೇಲೆ ತಲೆ ಬಗ್ಗಿಸಿ ಸಾರು ಕಲಸುತ್ತಿದ್ದರು, ನಾನು ತಿದ್ದುತ್ತೇನೆಂದು ಕಾಯುತ್ತಾ.

"ಬುಟ್ಟೆ ಕಣವ್ವ," ಎಂದೆ. "ಓಗು."