ತಣ್ಣಗಿದ್ದ ಕುಲುಮೆ

"ಈಗಷ್ಟೇ ಆರಿಸಿದ್ವಿ ಕಣಮ್ಮ," ಎಂದರು ಮಾವ. ಅವಳು ಕುಲುಮೆಯ ಬಾಗಿಲ ಮೇಲಿಟ್ಟ ಅಂಗೈ ತೆಗೆಯಲಿಲ್ಲ. ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು.

ಹೊಸ ಕಾರಿನ ತಯಾರಿಯಲ್ಲಿ ಎಲ್ಲಿ ಏನು ಕೈಕೊಡಬಹುದೆಂದು ಮೊದಲೇ ಹುಡುಕಿ ತಡೆಯುವುದು ಕಾರ್ಖಾನೆಯಲ್ಲಿ ಅವಳ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಅನುಮಾನದಮ್ಮ' ಎನ್ನುತ್ತಿದ್ದರು. ಆ ಕಾರಿಗೆ ಬ್ರೇಕ್ ಪೆಡಲ್ ಮಾಡಿಕೊಡುತ್ತಿದ್ದವರು ಅವಳ ಸೋದರಮಾವ. ಅಪ್ಪ ಹೋದ ಮೇಲೆ ಅವಳನ್ನು ಸಾಕಿ ಓದಿಸಿದವರು. ಈ ತಪಾಸಣೆಗೆ ಬೇರೆಯವರನ್ನು ಕಳಿಸಿ ಎಂದು ಅವಳು ಕೇಳಿಕೊಂಡಿದ್ದಳು. "ನಿಮ್ಮ ಮಾವ ನಿಮಗೇ ಸುಳ್ಳು ಹೇಳ್ತಾರಾ? ಸುಮ್ನೆ ನೋಡ್ಕೊಂಡು ಬನ್ನಿ," ಎಂದು ಮ್ಯಾನೇಜರ್ ನಕ್ಕಿದ್ದರು. ಆ ನಗು ಅವಳಿಗೆ ಹಿಡಿಸಿರಲಿಲ್ಲ.

ಇಲ್ಲಿ ಮಾವನ ಶೆಡ್ಡಿನಲ್ಲಿ ಎಲ್ಲವೂ ಅತಿಯಾಗಿ ಒಪ್ಪವಾಗಿತ್ತು. ನೆಲ ಆಗತಾನೇ ಒರೆಸಿದಂತಿತ್ತು. ಕೆಲಸಗಾರರು ತಲೆಯೇ ಎತ್ತುತ್ತಿರಲಿಲ್ಲ. ಪೆಡಲುಗಳು ಗಟ್ಟಿಯಾಗುವುದು ಈ ಕುಲುಮೆಯಲ್ಲಿ ಕಾದ ಮೇಲೆಯೇ. ಅದರ ಬಾಗಿಲ ಸಂದಿಯಲ್ಲಿ ಜೇಡ ಬಲೆ ಕಟ್ಟಿತ್ತು.

"ಮಾವ, ಇದು ಕೆಟ್ಟು ಎಷ್ಟು ದಿನ ಆಯ್ತು?"

"ಮನೆ ಮಗಳ ತರ ಬರ್ತೀಯ ಅಂದ್ಕೊಂಡಿದ್ದೆ. ಪೊಲೀಸರ ತರ ಬಂದಿದ್ದೀಯಲ್ಲೇ."

"ಹೊರಗಡೆ ಯಾರ ಹತ್ರ ಕಾಯಿಸ್ತಿದ್ದೀರಿ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಪರಿಚಯದವನೇ. ಚೆನ್ನಾಗೇ ಮಾಡ್ತಾನೆ. ಇದು ರಿಪೇರಿ ಆಗೋವರೆಗೆ ಅಷ್ಟೇ. ನಿಮ್ಮ ಮ್ಯಾನೇಜರ್‌ಗೂ ಗೊತ್ತು."

ಅವಳು ಅವರತ್ತ ತಿರುಗಿದಳು. "ಗೊತ್ತಿದ್ರೆ ನನ್ನನ್ನ ಯಾಕೆ ಕಳಿಸಿದ್ರು?"

ಮಾವ ಕುಲುಮೆಯ ಕಡೆ ನೋಡಿದರು. "ಅನುಮಾನದಮ್ಮನೇ ಒಪ್ಪಿದ್ಮೇಲೆ ಇನ್ಯಾರು ಕೇಳ್ತಾರೆ ಅಂದ್ರು."

ಅವಳು ತಯಾರಾದ ಮಾಲಿನ ಪೆಟ್ಟಿಗೆಯ ತಳದಿಂದ ತಾನೇ ಕೆಲವು ಪೆಡಲುಗಳನ್ನು ಆರಿಸಿಕೊಂಡು, ಮ್ಯಾನೇಜರಿಗೆ ತಿಳಿಸದೆ ನೇರವಾಗಿ ಕಾರ್ಖಾನೆಯ ಪರೀಕ್ಷಾ ಕೋಣೆಗೆ ಒಯ್ದಳು. ಯಂತ್ರ ಒಂದೊಂದನ್ನೇ ಒತ್ತಿ ಒತ್ತಿ ಬಿಡುತ್ತಿತ್ತು. ಮೊದಲಿನವು ತಾಳಿಕೊಂಡವು. ಮಾವನನ್ನು ಸುಮ್ಮನೆ ನೋಯಿಸಿದೆನೇ ಎಂದು ಅವಳು ಕುಗ್ಗುವಷ್ಟರಲ್ಲಿ, ಒಂದು ಪೆಡಲು ಲಟಕ್ಕನೆ ಮುರಿಯಿತು.

ಕಾರಿನ ಬಿಡುಗಡೆ ಮುಂದಕ್ಕೆ ಹೋಯಿತು. ಮ್ಯಾನೇಜರನ್ನು ಕೆಲಸದಿಂದ ತೆಗೆದರು. ಮಾವನ ಗುತ್ತಿಗೆಯೂ ರದ್ದಾಯಿತು. ಅತ್ತೆ ಅವಳ ಫೋನ್ ಎತ್ತುವುದನ್ನು ನಿಲ್ಲಿಸಿದರು.

ತಿರಸ್ಕರಿಸಿದ ಮಾಲನ್ನು ಒಯ್ಯಲು ಮಾವ ತಾವೇ ಕಾರ್ಖಾನೆಗೆ ವ್ಯಾನು ತಂದರು. ಅವಳು ಮೆಟ್ಟಿಲಿಳಿದು ಅಂಗಳಕ್ಕೆ ಹೋದಳು.

"ಊಟ ಆಯ್ತಾ?" ಎಂದರು, ಪೆಟ್ಟಿಗೆಗೆ ಬಾಗುತ್ತಲೇ.

"ಇಲ್ಲ ಮಾವ."

ಅವಳು ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಳು. ಅವರು ಬೇಡ ಎನ್ನಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ. ಇಬ್ಬರೂ ಹೆಜ್ಜೆ ಹೊಂದಿಸಿಕೊಂಡು ಅದನ್ನು ವ್ಯಾನಿನ ಕಡೆಗೆ ಹೊತ್ತೊಯ್ದರು.